ಗಾಳಿಯಲ್ಲಿರುವ ನೀರಿನ ಲೆಕ್ಕ

1902ರ ಬೇಸಿಗೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್-ವಿಲ್ಹೆಮ್ಸ್ ಎಂಬ ಮುದ್ರಣಾಲಯದವರು ಹವೆಯ ಕಾಟಕ್ಕೆ ರೋಸಿಹೋಗಿದ್ದರು. ಆಗ ಬಣ್ಣದ ಚಿತ್ರವೊಂದನ್ನು ಅಚ್ಚು ಹಾಕಬೇಕಾದರೆ ಒಂದೇ ಹಾಳೆಯನ್ನು ನಾಲ್ಕು ಸಲ, ಬಣ್ಣಕ್ಕೊಂದು ಸಲದಂತೆ, ಯಂತ್ರಕ್ಕೆ ಕೊಡಬೇಕಾಗಿತ್ತು. ಒಂದು ಬಣ್ಣ ಒಣಗಿ ಇನ್ನೊಂದು ಬೀಳುವ ಹೊತ್ತಿಗೆ ಗಾಳಿಯಲ್ಲಿ ತೇವ ಏರಿದ್ದರೆ ಕಾಗದ ಅದನ್ನು ಹೀರಿಕೊಂಡು ಕೂದಲೆಳೆಯಷ್ಟು ಹಿಗ್ಗುತ್ತಿತ್ತು. ಅಷ್ಟು ಸಾಕು, ಎರಡನೆಯ ಬಣ್ಣ ಮೊದಲನೆಯದರ ಮೇಲೆ ಕೂರದೆ ಪಕ್ಕಕ್ಕೆ ಸರಿಯುತ್ತಿತ್ತು. ರೀಮುಗಟ್ಟಲೆ ಕಾಗದ ರದ್ದಿಗೆ ಹೋಗುತ್ತಿತ್ತು.

ಈ ತೊಂದರೆಗೆ ಪರಿಹಾರ ಹುಡುಕುವ ಕೆಲಸ ಬಫಲೋ ಫೋರ್ಜ್ ಎಂಬ ಕಂಪನಿಯ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ಪಾಲಿಗೆ ಬಂತು. ಅವನಿಗಾಗ 25 ವರ್ಷ, ಕಾರ್ನೆಲ್ ವಿಶ್ವವಿದ್ಯಾಲಯದಿಂದ ಹೊರಬಿದ್ದು ಒಂದು ವರ್ಷವಾಗಿತ್ತು. ತಣ್ಣೀರು ಹರಿಯುವ ಕೊಳವೆಗಳ ಸುರುಳಿಯ ಮೇಲೆ ಗಾಳಿಯನ್ನು ಹಾಯಿಸಿ, ಅದರ ತೇವವನ್ನು ವರ್ಷವಿಡೀ ಶೇಕಡಾ 55ರ ಆಸುಪಾಸಿನಲ್ಲಿ ನಿಲ್ಲಿಸುವ ವ್ಯವಸ್ಥೆಯೊಂದನ್ನು ಅವನು ರೂಪಿಸಿದ. ಇವತ್ತು ನಾವು ಎಸಿ ಎಂದು ಕರೆಯುವುದರ ಹುಟ್ಟು ಇಲ್ಲಿದೆ. ಅದು ಹುಟ್ಟಿದ್ದು ಬೆವರುವ ಮನುಷ್ಯನಿಗಾಗಿ ಅಲ್ಲ, ಹಿಗ್ಗುವ ಕಾಗದಕ್ಕಾಗಿ. ಅದಕ್ಕೆ ವಹಿಸಿದ್ದ ಕೆಲಸ ಗಾಳಿಯನ್ನು ಒಣಗಿಸುವುದಾಗಿತ್ತು, ತಂಪು ಅದರ ಜೊತೆಗೆ ಬಂತು.

ಕಟ್ಟಡಗಳ ತಂಪಿನ ಬಗ್ಗೆ ನಾವು ಮಾತಾಡುವಾಗ ಈ ಮೂಲವನ್ನು ಮರೆತಿರುತ್ತೇವೆ. ಅಂಗಡಿಯಲ್ಲಿ ಟನ್ ಎಷ್ಟು, ಸ್ಟಾರ್ ಎಷ್ಟು ಎಂದು ಕೇಳುತ್ತೇವೆ. ರಿಮೋಟಿನ ಪರದೆಯ ಮೇಲಿನ ಡಿಗ್ರಿಯನ್ನೇ ನಂಬುತ್ತೇವೆ. ನಮ್ಮ ಊರಿನ ಗಾಳಿಯಲ್ಲಿ ನೀರು ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ. ಆದರೆ ಯಾವ ಉಪಾಯ ಎಲ್ಲಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ನೀರೇ.

ಕಣ್ಣಿಗೆ ಕಾಣದ ಈ ನೀರನ್ನು ಅಳೆಯುವುದು ಕಷ್ಟವಲ್ಲ. 10 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 9 ಗ್ರಾಂ ಚಿಲ್ಲರೆ ನೀರಾವಿ ಇರಬಹುದು. 20 ಡಿಗ್ರಿಯಲ್ಲಿ 17 ಗ್ರಾಂ, 30ರಲ್ಲಿ 30 ಗ್ರಾಂ, 40ರಲ್ಲಿ 51 ಗ್ರಾಂ. ತಾಪ ಏರಿದಂತೆ ಈ ಮಿತಿ ಬಹಳ ಬೇಗ ಏರುತ್ತದೆ. ಸಾಪೇಕ್ಷ ಆರ್ದ್ರತೆ ಎಂದು ಹವಾಮಾನ ವರದಿಯಲ್ಲಿ ಓದುವುದು, ಈ ಮಿತಿಯಲ್ಲಿ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ. ಗಾಳಿಯನ್ನು ತಣಿಸುತ್ತ ಹೋದರೆ ಮಿತಿ ಕುಗ್ಗುತ್ತದೆ, ಒಂದು ಹಂತದಲ್ಲಿ ಇರುವ ಆವಿಯೇ ಮಿತಿಯನ್ನು ಮುಟ್ಟುತ್ತದೆ. ಅಲ್ಲಿಂದ ಕೆಳಗಿಳಿದರೆ ಆವಿ ನೀರಾಗಿ ಕೂರುತ್ತದೆ. ಆ ಹಂತವೇ ಇಬ್ಬನಿ ಬಿಂದು. ತಣ್ಣನೆಯ ಮಜ್ಜಿಗೆ ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದು ಈ ಕಾರಣಕ್ಕೆ. ಕ್ಯಾರಿಯರ್‌ನ ಸುರುಳಿಯೂ ಬೆವರಿತು, ಬೆವರಿದಷ್ಟು ನೀರು ಗಾಳಿಯಿಂದ ಕಡಿಮೆಯಾಯಿತು.

ಅದೇ ವರ್ಷದ ಕೊನೆಯಲ್ಲಿ ಪಿಟ್ಸ್‌ಬರ್ಗ್‌ನ ರೈಲು ನಿಲ್ದಾಣದಲ್ಲಿ ಮಂಜು ಕವಿದಿದ್ದಾಗ ತನಗೆ ಇನ್ನೊಂದು ವಿಚಾರ ಹೊಳೆಯಿತೆಂದು ಕ್ಯಾರಿಯರ್ ಮುಂದೆ ಹೇಳಿಕೊಂಡಿದ್ದಾನೆ. ಮಂಜಿನ ಗಾಳಿ ನೀರಿನಿಂದ ಪೂರ್ತಿ ತುಂಬಿದ ಗಾಳಿ. ಆದರೂ ಅದು ತಣ್ಣಗಿರುವುದರಿಂದ ಅದರಲ್ಲಿರುವ ಒಟ್ಟು ಆವಿ ಕಡಿಮೆ. ಹಾಗಾದರೆ ಗಾಳಿಯನ್ನು ತಣ್ಣೀರಿನ ತುಂತುರಿನಲ್ಲಿ ಹಾಯಿಸಿ ಬೇಕಾದ ತಾಪಕ್ಕೆ ತಂದು, ಆಮೇಲೆ ಸ್ವಲ್ಪ ಬೆಚ್ಚಗೆ ಮಾಡಿದರೆ ಬೇಕಾದಷ್ಟೇ ತೇವದ ಗಾಳಿ ಸಿಗಬೇಕಲ್ಲ! ನೀರು ಸಿಂಪಡಿಸಿ ಗಾಳಿಯನ್ನು ಒಣಗಿಸುವ ಈ ಉಪಾಯಕ್ಕೆ 1906ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಗಾಳಿಯ ತಾಪ, ತೇವ, ಶಾಖಗಳ ಸಂಬಂಧವನ್ನು ಸೂತ್ರಗಳಲ್ಲಿ ಹಿಡಿದಿಟ್ಟ ಅವನ ಪ್ರಬಂಧ ಬಂದದ್ದು 1911ರಲ್ಲಿ. ಇಂದಿಗೂ ಎಸಿ ವ್ಯವಸ್ಥೆ ವಿನ್ಯಾಸ ಮಾಡುವ ಎಂಜಿನಿಯರುಗಳು ಮುಂದಿಟ್ಟುಕೊಳ್ಳುವ ನಕ್ಷೆಗೆ ಅದೇ ತಳಹದಿ.

ಈಗ ನಮ್ಮಲ್ಲಿಗೆ ಬರೋಣ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಲಬುರಗಿಯಲ್ಲಿ 40 ಡಿಗ್ರಿ ತಾಪ, ಶೇಕಡಾ 20 ಆರ್ದ್ರತೆ ಎಂದಿಟ್ಟುಕೊಳ್ಳಿ. ಅದೇ ಹೊತ್ತಿಗೆ ಮಂಗಳೂರಿನಲ್ಲಿ 33 ಡಿಗ್ರಿ, ಶೇಕಡಾ 70. ಎರಡೂ ಆ ಊರುಗಳಿಗೆ ಹೊಸದೇನಲ್ಲ. ಕಲಬುರಗಿಯ ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರು ಸುಮಾರು 10 ಗ್ರಾಂ, ಮಂಗಳೂರಿನದರಲ್ಲಿ 25 ಗ್ರಾಂ. ಒಂದೇ ರಾಜ್ಯ, ಒಂದೇ ತಿಂಗಳು, ಆದರೂ ಗಾಳಿಯ ನೀರಿನಲ್ಲಿ ಎರಡೂವರೆ ಪಟ್ಟು ವ್ಯತ್ಯಾಸ.

ಈ ವ್ಯತ್ಯಾಸ ಮೈಗೆ ತಟ್ಟುವುದು ಬೆವರಿನ ಮೂಲಕ. ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತಲೇ ಇರುತ್ತದೆ, ಅಷ್ಟನ್ನೂ ಹೊರಹಾಕುತ್ತಲೇ ಇರಬೇಕು. ಹಿತವಾದ ಕೋಣೆಯಲ್ಲಿ ಇದರ ಬಹುಪಾಲು ಸುತ್ತಲಿನ ಗಾಳಿಗೂ, ವಿಕಿರಣವಾಗಿ ಗೋಡೆ ಚಾವಣಿಗಳಿಗೂ ಹೋಗುತ್ತದೆ. ಚರ್ಮದ ತಾಪ 35 ಡಿಗ್ರಿಯ ಆಸುಪಾಸು. ಸುತ್ತಲಿನದು ಅದಕ್ಕಿಂತ ಬಿಸಿಯಾದರೆ ಈ ಎರಡೂ ದಾರಿ ತಿರುಗಿಬೀಳುತ್ತವೆ, ಶಾಖ ಮೈಯೊಳಗೇ ನುಗ್ಗುತ್ತದೆ. ಆಗ ಉಳಿಯುವುದು ಬೆವರೊಂದೇ. ಒಂದು ಲೀಟರ್ ಬೆವರು ಆವಿಯಾಗಿ ಹೋಗುವಾಗ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖವನ್ನು ಎಳೆದೊಯ್ಯುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ ಇದು ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಭಾಗ. ಆದರೆ ಬೆವರು ಆವಿಯಾಗಬೇಕು. ಹನಿಯಾಗಿ ತೊಟ್ಟಿಕ್ಕಿದ ಬೆವರು ಮೈಯನ್ನು ತಣಿಸುವುದಿಲ್ಲ, ದೇಹದ ನೀರು ಉಪ್ಪು ಖಾಲಿಯಾಗುತ್ತದೆ ಅಷ್ಟೆ. ಕರಾವಳಿಯ ಸೆಕೆಯಲ್ಲಿ ಅಂಗಿ ಮೈಗಂಟಿದರೂ ಹಾಯೆನಿಸದಿರುವುದು, ಬಯಲುಸೀಮೆಯ ಉರಿಬಿಸಿಲಿನಲ್ಲಿ ಮೈ ಒಣಗಿದಂತೆಯೇ ಕಂಡರೂ ಮರದ ನೆರಳಿಗೆ ಬಂದೊಡನೆ ಜೀವ ಬಂದಂತಾಗುವುದು ಇದರಿಂದಲೇ.

ಗಾಳಿ ಬೆವರನ್ನು ಎಷ್ಟರಮಟ್ಟಿಗೆ ಒಣಗಿಸಬಲ್ಲದು ಎಂದು ತಿಳಿಯಲು ಸಾದಾ ಥರ್ಮಾಮೀಟರುಗಳು ಎರಡಿದ್ದರೆ ಸಾಕು. ಒಂದರ ಬುರುಡೆಗೆ ತೆಳುವಾದ ಹತ್ತಿ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿಟ್ಟು, ಎರಡನ್ನೂ ನೆರಳಿನಲ್ಲಿ ಫ್ಯಾನಿನ ಗಾಳಿಗೆ ಹಿಡಿಯಿರಿ. ಒಣ ಥರ್ಮಾಮೀಟರ್ ಗಾಳಿಯ ತಾಪವನ್ನು ತೋರಿಸುತ್ತದೆ. ಒದ್ದೆ ಬಟ್ಟೆ ಸುತ್ತಿದ್ದು ಕೆಳಗಿಳಿಯುತ್ತ ಬಂದು ಒಂದು ಕಡೆ ನಿಲ್ಲುತ್ತದೆ. ಅದು ವೆಟ್ ಬಲ್ಬ್ ತಾಪಮಾನ: ಬರೀ ನೀರನ್ನು ಆವಿ ಮಾಡುವುದರಿಂದ ಎಷ್ಟು ತಂಪು ಸಾಧ್ಯವೋ ಅದರ ತಳ. ನಮ್ಮ ಕಲಬುರಗಿಯ ಮಧ್ಯಾಹ್ನಕ್ಕೆ ಅದು 23 ಡಿಗ್ರಿಗೂ ತುಸು ಕಡಿಮೆ. ಮಂಗಳೂರಿನದಕ್ಕೆ 28 ಡಿಗ್ರಿ ದಾಟಿರುತ್ತದೆ. ಒಣ ಥರ್ಮಾಮೀಟರು ಕಲಬುರಗಿಯನ್ನು ಬಿಸಿಯೂರು ಎನ್ನುತ್ತದೆ, ಒದ್ದೆಯದು ಮಂಗಳೂರನ್ನು.

ಇದು ಜೀವಕ್ಕೆ ಸಂಬಂಧಿಸಿದ ಸಂಖ್ಯೆ. ವೆಟ್ ಬಲ್ಬ್ ತಾಪಮಾನ 35 ಡಿಗ್ರಿ ಮುಟ್ಟಿದರೆ ಎಂಥ ಗಟ್ಟಿಮುಟ್ಟಾದ ದೇಹವೂ ಕೆಲವು ಗಂಟೆಗಳಿಗಿಂತ ಹೆಚ್ಚು ತಡೆಯದು ಎಂದು 2010ರಲ್ಲಿ ವಿಜ್ಞಾನಿಗಳಾದ ಸ್ಟೀವನ್ ಶೆರ್‌ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ತರುಣ ತರುಣಿಯರನ್ನೇ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ಕಳವಳದ್ದು. ತೇವದ ಹವೆಯಲ್ಲಿ 31 ಡಿಗ್ರಿಯ ಸುಮಾರಿಗೇ ದೇಹ ತನ್ನ ತಾಪದ ಹಿಡಿತ ಕಳೆದುಕೊಳ್ಳತೊಡಗಿತ್ತು. ಮುದುಕರಿಗೆ, ಹೃದ್ರೋಗಿಗಳಿಗೆ ಮಿತಿ ಇನ್ನೂ ಕೆಳಗಿರುತ್ತದೆ. ಕರಾವಳಿಯ 28 ಡಿಗ್ರಿಗೂ ಈ ಸಂಖ್ಯೆಗೂ ನಡುವಿನ ಅಂತರ ದೊಡ್ಡದಲ್ಲ. ತಂಪನ್ನು ಉಳ್ಳವರ ಷೋಕಿ ಎಂದು ತಳ್ಳಿಹಾಕುವ ಕಾಲ ಮುಗಿದಿದೆ ಎಂದು ನಾನು ಹೇಳುವುದು ಇದಕ್ಕಾಗಿ.

ಒಣ ಸೀಮೆಯ ಜನಕ್ಕೆ ಪ್ರಕೃತಿ ಒಂದು ಅನುಕೂಲ ಕೊಟ್ಟಿದೆ. ಒಣಗಾಳಿ ನೀರನ್ನು ಹೀರಲು ಕಾದಿರುತ್ತದೆ. ಮಣ್ಣಿನ ಹರವಿಯ ನೀರು ತಣ್ಣಗಿರುವುದು, ಹಿಂದೆ ಬೇಸಿಗೆಯಲ್ಲಿ ಬಾಗಿಲಿಗೆ ಲಾವಂಚದ ಪರದೆ ಕಟ್ಟಿ ನೀರು ಚಿಮುಕಿಸುತ್ತಿದ್ದುದು, ಇವತ್ತು ಕಿಟಕಿಯಾಚೆ ಕೂತಿರುವ ತಗಡಿನ ಕೂಲರ್, ಎಲ್ಲದರ ತತ್ವ ಒಂದೇ. ಒಳ್ಳೆಯ ಪ್ಯಾಡ್ ಇರುವ ಕೂಲರ್, ಒಣ ತಾಪಕ್ಕೂ ವೆಟ್ ಬಲ್ಬ್ ತಾಪಕ್ಕೂ ಇರುವ ಅಂತರದ ಮುಕ್ಕಾಲು ಪಾಲನ್ನು ಇಳಿಸುತ್ತದೆ. ಕಲಬುರಗಿಯ 40 ಡಿಗ್ರಿ ಗಾಳಿ 27ಕ್ಕೆ ಬಂದು ಒಳಗೆ ಸೇರುತ್ತದೆ. ಅದಕ್ಕೆ ತಗಲುವ ಕರೆಂಟು ಒಂದು ಫ್ಯಾನು, ಒಂದು ಪುಟ್ಟ ಪಂಪಿನದಷ್ಟೆ. ಅದೇ ಕೂಲರನ್ನು ಮಂಗಳೂರಿಗೆ ಒಯ್ದರೆ 33 ಡಿಗ್ರಿ ಇಳಿದು 29 ಚಿಲ್ಲರೆಗೆ ನಿಲ್ಲುತ್ತದೆ. ಆದರೆ ಗಾಳಿಯ ಆರ್ದ್ರತೆ ಶೇಕಡಾ 90 ದಾಟಿ ಬೆವರು ಮೈಬಿಟ್ಟು ಏಳುವುದೇ ಇಲ್ಲ. ದುಡ್ಡು ಕೊಟ್ಟು ಸೆಕೆ ಕೊಂಡಂತೆ.

ಕೂಲರ್ ಇಟ್ಟವರು ಮಾಡುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡಬೇಕು. ಎಸಿಯ ಹಾಗೆ ಇದಕ್ಕೂ ಬಾಗಿಲು ಕಿಟಕಿ ಮುಚ್ಚುತ್ತಾರೆ. ಹಾಗೆ ಮಾಡಿದರೆ ಒಳಗೆ ಬಂದ ಒದ್ದೆ ಗಾಳಿ ಹೊರಹೋಗಲಾರದೆ ಅದೇ ಮತ್ತೆ ಮತ್ತೆ ತಿರುಗಿ, ಅರ್ಧ ಗಂಟೆಯಲ್ಲಿ ಕೋಣೆ ಬಚ್ಚಲಮನೆಯಾಗುತ್ತದೆ. ಕೂಲರಿನ ಬೆನ್ನು ಹೊರಗಿನ ಒಣಗಾಳಿಗೆ ತೆರೆದಿರಬೇಕು, ಎದುರಿನ ಕಿಟಕಿಯೂ ಒಂದಿಷ್ಟು ತೆರೆದಿರಬೇಕು. ಇನ್ನು, ಗಂಟೆಗೆ 2,000 ಘನ ಮೀಟರ್ ಗಾಳಿ ಊದುವ ಕೂಲರ್ ಅಂಥ ಮಧ್ಯಾಹ್ನ ಗಂಟೆಗೆ 12 ಲೀಟರಿನಷ್ಟು ನೀರು ಕುಡಿಯುತ್ತದೆ. ವಾರಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ.

ಹಳೆಯ ಮನೆಗಳು ಈ ನೀರಿನ ಲೆಕ್ಕವನ್ನು ತಿಳಿದೇ ಕಟ್ಟಿದಂತಿವೆ. ಉತ್ತರ ಕರ್ನಾಟಕದ ಮಣ್ಣಿನ ಮೇಲ್ಮುದ್ದೆಯ ಮನೆಗೆ ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ. ಒಣ ಹವೆಯಲ್ಲಿ ನೀರಾವಿಯ ಹೊದಿಕೆ ತೆಳುವಾಗಿರುವುದರಿಂದ ರಾತ್ರಿ ಹೊತ್ತು ನೆಲ, ಚಾವಣಿ ಎಲ್ಲವೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟು ಚೆನ್ನಾಗಿ ತಣಿಯುತ್ತವೆ. ತಣಿದ ಆ ದಪ್ಪ ಮಣ್ಣು ಮರುದಿನದ ಬಿಸಿಲನ್ನು ಸಂಜೆಯವರೆಗೆ ಒಳಗೆ ಬಿಡುವುದಿಲ್ಲ. ಕರಾವಳಿಯಲ್ಲಿ ರಾತ್ರಿಯೂ ತಾಪ ಅಷ್ಟಾಗಿ ಇಳಿಯದು, ಗಾಳಿಯ ಆವಿ ಶಾಖವನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಲ್ಲಿ ದಪ್ಪ ಗೋಡೆಯಿಂದ ಲಾಭ ಕಡಿಮೆ, ಗಾಳಿಯಾಡುವುದೇ ಮುಖ್ಯ. ಹಾಗಾಗಿ ಎತ್ತರದ ಇಳಿಜಾರು ಮಾಡು, ಉದ್ದಕ್ಕೆ ಚಾಚಿದ ಸೂರು, ಸಂದುಗಳಲ್ಲಿ ಗಾಳಿ ನುಸುಳುವ ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಮಾಡು ದೂರದೂರಿಗೂ ಹರಡಿತು. ಇವತ್ತು ಎರಡೂ ಕಡೆ ಒಂದೇ ನಮೂನೆಯ ಕಾಂಕ್ರೀಟ್ ಸ್ಲ್ಯಾಬ್ ಹಾಕುತ್ತೇವೆ. ಐದಾರು ಅಂಗುಲದ ಆ ಸ್ಲ್ಯಾಬ್ ದಿನವಿಡೀ ಬಿಸಿಲು ಕುಡಿದು, ನಾವು ಮಲಗುವ ಹೊತ್ತಿಗೆ ಸರಿಯಾಗಿ ಆ ಶಾಖವನ್ನು ನಮ್ಮ ಮೇಲೆ ಬಿಡುತ್ತದೆ. ಅದರ ಮೇಲೆ ಬಿಳಿ ಸುಣ್ಣ ಬಳಿದರೂ ಎಷ್ಟೋ ವಾಸಿ.

ಕರಾವಳಿಯವರಿಗೆ ಹಾಗಾದರೆ ಏನು ಗತಿ? ಮೊದಲನೆಯದು ಫ್ಯಾನು. ಫ್ಯಾನು ಗಾಳಿಯನ್ನು ತಣಿಸುವುದಿಲ್ಲ. ಮೈಗೆ ತಾಗಿ ನಿಂತ ಒದ್ದೆ ಗಾಳಿಯನ್ನು ಸರಿಸಿ ಬೆವರಿಗೆ ದಾರಿ ಮಾಡುತ್ತದೆ, ಎರಡು ಮೂರು ಡಿಗ್ರಿ ಕಡಿಮೆಯಾದಂತೆ ಅನಿಸುತ್ತದೆ. ಆದ್ದರಿಂದ ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನಿನಿಂದ ಏನೂ ಉಪಯೋಗವಿಲ್ಲ. ಗಾಳಿಯೇ 40 ಡಿಗ್ರಿ ಮೀರಿದಾಗ ಮಾತ್ರ ಫ್ಯಾನು ಮೈಮೇಲೆ ಶಾಖವನ್ನೇ ತಂದು ಸುರಿಯುತ್ತದೆ. ಅಂಥ ಹೊತ್ತಿನಲ್ಲಿ ಅದನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಂಗಳೂರಿನಲ್ಲಿ ಆ ಪ್ರಮೇಯ ಬರುವುದು ತೀರಾ ಅಪರೂಪ.

ಎರಡನೆಯದು ಎಸಿ. ಬಾವಿಯಿಂದ ನೀರೆತ್ತುವ ಪಂಪಿನಂತೆ ಅದು ಒಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುವ ಯಂತ್ರ. ಒಳಗಿನ ಕಾಯಿಲ್‌ನಲ್ಲಿ ದ್ರವರೂಪದ ಗ್ಯಾಸ್ ಕಡಿಮೆ ಒತ್ತಡದಲ್ಲಿ ಆವಿಯಾಗುತ್ತ ಶಾಖ ಹೀರುತ್ತದೆ. ಕಂಪ್ರೆಸರ್ ಅದನ್ನು ಅದುಮಿ ಬಿಸಿ ಮಾಡಿ ಹೊರಗಿನ ಕಾಯಿಲ್‌ಗೆ ದೂಡುತ್ತದೆ, ಅಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಟನ್ ಎನ್ನುವ ಅಳತೆ ಮಂಜುಗಡ್ಡೆಯ ವ್ಯಾಪಾರದ ಕಾಲದ್ದು: 907 ಕಿಲೋ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವ ಶಾಖದ ವೇಗ, ಅಂದರೆ ಸುಮಾರು 3.5 ಕಿಲೋವ್ಯಾಟ್. ಒಂದೂವರೆ ಟನ್ನಿನ ಎಸಿಗೆ 5.25 ಕಿಲೋವ್ಯಾಟ್ ಶಾಖ ಎತ್ತುವ ತಾಕತ್ತು.

ಅದರಲ್ಲಿ ನೀರಿನ ಪಾಲೆಷ್ಟು? ಮಂಗಳೂರಿನ ಮನೆಯ ಹೊರಗೋಡೆಯಲ್ಲಿ ಇಳಿಬಿದ್ದ ಎಸಿ ಪೈಪಿನ ಕೆಳಗೊಂದು ಬಕೆಟ್ ಇಟ್ಟು ನೋಡಿ. ಗಂಟೆಗೆ 2 ಲೀಟರ್ ತುಂಬಿತು ಎನ್ನಿ. ಬೆವರು ಆವಿಯಾಗುವಾಗ ಒಯ್ದ ಶಾಖವನ್ನೇ ಆವಿ ನೀರಾಗುವಾಗ ಹಿಂದಕ್ಕೆ ಕೊಡುತ್ತದೆ. ಅದನ್ನೂ ಎಸಿಯೇ ಎತ್ತಬೇಕು. 2 ಲೀಟರಿಗೆ ಅದು 1.3 ಕಿಲೋವ್ಯಾಟ್ ದಾಟುತ್ತದೆ. ಅಂದರೆ ಯಂತ್ರದ ಕಾಲು ಭಾಗ ಶಕ್ತಿ ಬರೀ ಗಾಳಿ ಒಣಗಿಸಲು ಹೋಯಿತು. ಇದು ದಂಡವಲ್ಲ, ಕರಾವಳಿಯ ಮೈಗೆ ಬೇಕಾದ ಕೆಲಸವೇ ಅದು. ಆದರೆ ಜನ 16 ಡಿಗ್ರಿಗೆ ಇಟ್ಟರೆ ಬೇಗ ತಂಪಾಗುತ್ತದೆಂದು ತಿಳಿಯುತ್ತಾರೆ. ಹಾಗಾಗದು. ಹೊತ್ತು ಜಾಸ್ತಿ ಓಡುತ್ತದೆ, ಬಿಲ್ಲು ಏರುತ್ತದೆ. ಕೋಣೆಗೆ ಮೀರಿದ ಟನ್ನಿನ ಹಳೆಯ ಮಾದರಿಯ ಎಸಿ ಹಾಕಿದರೆ ಇನ್ನೊಂದು ತೊಂದರೆ. ಗಾಳಿ ಬೇಗ ತಣಿದು ಕಂಪ್ರೆಸರ್ ನಿಂತುಬಿಡುತ್ತದೆ, ನೀರು ಇಳಿಯುವಷ್ಟು ಹೊತ್ತೇ ಸಿಗುವುದಿಲ್ಲ. ಚಳಿಯೂ ಹೌದು, ಜಿಗುಟೂ ಹೌದು ಎಂಬ ಸ್ಥಿತಿ. ರಿಮೋಟಿನಲ್ಲಿ ನೀರಹನಿಯ ಚಿತ್ರವಿರುವ ಡ್ರೈ ಮೋಡ್ ಇರುವುದು ಗಾಳಿ ಒಣಗಿಸುವುದಕ್ಕೆ. ಮಳೆಗಾಲದ ಸೆಕೆಗೆ ಅದು, ಇಲ್ಲವೇ 26 ಡಿಗ್ರಿಯ ಎಸಿಯೊಡನೆ ನಿಧಾನವಾಗಿ ತಿರುಗುವ ಫ್ಯಾನು, ಧಾರಾಳವಾಗಿ ಸಾಕು. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಮೊದಲು ಶುರುವಾಗುವಾಗ 24 ಡಿಗ್ರಿಯಲ್ಲೇ ಇರಬೇಕೆಂದು ಭಾರತದಲ್ಲಿ ನಿಯಮವಾಗಿದೆ. ಒಂದೊಂದು ಡಿಗ್ರಿ ಮೇಲಿಟ್ಟರೂ ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡಿಗರ ಅನುಭವ ಇದಕ್ಕೆ ತೀರಾ ತಿರುವುಮುರುವು. ಚಳಿಗಾಲದಲ್ಲಿ ಹೊರಗಿನ ಸೊನ್ನೆ ಡಿಗ್ರಿ ಗಾಳಿ ನೀರಿನಿಂದ ಪೂರ್ತಿ ತುಂಬಿದ್ದರೂ ಅದರಲ್ಲಿರುವುದು ಘನ ಮೀಟರಿಗೆ 5 ಗ್ರಾಮಿಗೂ ಕಡಿಮೆ. ಮನೆಯೊಳಗೆ ಅದನ್ನೇ 22 ಡಿಗ್ರಿಗೆ ಕಾಯಿಸಿದಾಗ ಆರ್ದ್ರತೆ ಶೇಕಡಾ 25ಕ್ಕಿಂತ ಕೆಳಗೆ ಬೀಳುತ್ತದೆ. ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಕಿಡಿ ಹಾರುತ್ತದೆ. ಅಲ್ಲಿ ಗಾಳಿಗೆ ನೀರು ಸೇರಿಸುವ ಯಂತ್ರ ಕೊಳ್ಳಬೇಕಾಗುತ್ತದೆ.

ಎಸಿಯ ಬಗ್ಗೆ ಇನ್ನೂ ಒಂದು ಸಂಗತಿ ಇದೆ, ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವುದು. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನಿಂದ ಒಂದು ಹಿಡಿ ಗಾಳಿಯನ್ನೂ ತರುವುದಿಲ್ಲ. ಹೊರಗಿನ ಘಟಕಕ್ಕೂ ಒಳಗಿನದಕ್ಕೂ ನಡುವೆ ಓಡಾಡುವುದು ಗ್ಯಾಸ್ ಮಾತ್ರ. ಕೋಣೆಯ ಗಾಳಿ ಕೋಣೆಯಲ್ಲೇ ಸುತ್ತುತ್ತದೆ. ಮಲಗಿದ ಒಬ್ಬ ವಯಸ್ಕ ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಹತ್ತು ಅಡಿಗೆ ಹದಿಮೂರು ಅಡಿಯ ಕೋಣೆಯಲ್ಲಿ ಇಬ್ಬರು ಮಲಗಿ, ಗಾಳಿ ಸ್ವಲ್ಪವೂ ಸೋರದಂತೆ ಮುಚ್ಚಿದ್ದರೆ, ಹೊರಗೆ ಹತ್ತು ಲಕ್ಷಕ್ಕೆ 420 ಭಾಗದಷ್ಟಿರುವ ಆ ಅನಿಲ ನಾಲ್ಕು ಗಂಟೆಯಲ್ಲಿ ಒಳಗೆ 3,000 ದಾಟುತ್ತದೆ. ನಿಜವಾದ ಮನೆಯಲ್ಲಿ ಬಾಗಿಲ ಸಂದಿಯಿಂದ ಒಂದಿಷ್ಟು ಸೋರುವುದರಿಂದ ಇದು ಕಡಿಮೆಯಿರುತ್ತದೆ. ಆದರೂ ಬೆಳಗ್ಗೆ ತಲೆ ಭಾರವಾಗಿ ಏಳುವವರು ಹಾಸಿಗೆಯನ್ನು ಬೈಯುವ ಮೊದಲು ಕಿಟಕಿಯನ್ನು ನೋಡಬೇಕು. ಕೋಣೆಯಲ್ಲಿ ಈ ಅನಿಲ 1,000 ಭಾಗ ಮೀರಬಾರದೆಂದು ಜರ್ಮನಿಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಹೇಳಿದ್ದ. ಅದು ವಿಷವೆಂದಲ್ಲ, ಇತರರ ಉಸಿರು ಕೋಣೆಯಲ್ಲಿ ಎಷ್ಟು ಉಳಿದಿದೆ ಎಂಬುದಕ್ಕೆ ಅದೊಂದು ಗುರುತು ಎಂದು.

ಆ ಗುರುತಿನ ಬೆಲೆ ಜಗತ್ತಿಗೆ ತಿಳಿದದ್ದು ಕೋವಿಡ್ ಕಾಲದಲ್ಲಿ. 2020ರ ಜನವರಿ 24ರಂದು ಚೀನಾದ ಗುವಾಂಗ್‌ಝೌ ನಗರದ ಕಿಟಕಿಯಿಲ್ಲದ ಒಂದು ಹೋಟೆಲಿನಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಮೂರು ಕುಟುಂಬಗಳು ಊಟಕ್ಕೆ ಕೂತಿದ್ದವು. ವುಹಾನ್‌ನಿಂದ ಬಂದ ಒಬ್ಬರಿಗೆ ಅದೇ ದಿನ ಜ್ವರ ಶುರುವಾಯಿತು. ಮುಂದಿನ ದಿನಗಳಲ್ಲಿ ಅವರೂ ಸೇರಿ ಆ ಮೂರೂ ಕುಟುಂಬಗಳಿಂದ ಒಟ್ಟು 10 ಜನ ಕಾಯಿಲೆ ಬಿದ್ದರು. ಎಸಿಯ ಗಾಳಿ ಆ ಮೂರು ಮೇಜುಗಳ ಸಾಲಿನಲ್ಲೇ ಹೋಗಿ ಗೋಡೆಗೆ ಬಡಿದು ಹಿಂದಿರುಗುತ್ತಿತ್ತು, ಹೊಸ ಗಾಳಿ ಒಳಬರುತ್ತಿದ್ದುದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಎಷ್ಟೋ ಕೋಚಿಂಗ್ ತರಗತಿ, ಕ್ಲಿನಿಕ್ಕು, ಸಣ್ಣ ಆಫೀಸುಗಳು ಇವತ್ತಿಗೂ ಹಾಗೆಯೇ ಇವೆ.

ಕಿಟಕಿ ತೆರೆದರಾಯಿತಲ್ಲ ಎನ್ನಬಹುದು. ಕರಾವಳಿಯಲ್ಲಿ ಒಳಗೆ ಬರುವ ಒಂದೊಂದು ಘನ ಮೀಟರ್ ಹೊಸ ಗಾಳಿಯೂ 25 ಗ್ರಾಂ ನೀರನ್ನು ಹೊತ್ತು ತರುತ್ತದೆ. ದೊಡ್ಡ ಕಟ್ಟಡಗಳ ಎಂಜಿನಿಯರುಗಳ ತಲೆನೋವು ಇದೇ. ಇದಕ್ಕೆ ಒಂದು ಜಾಣ ಉತ್ತರ ನಮ್ಮ ನೆರೆಯಲ್ಲೇ ಸಿಕ್ಕಿದೆ. ಬೆಂಗಳೂರಿನ ಇನ್ಫೋಸಿಸ್ ಕಂಪನಿ 2011ರಲ್ಲಿ ಹೈದರಾಬಾದಿನ ಪೋಚಾರಂ ಆವರಣದಲ್ಲಿ ಒಂದು ಕಟ್ಟಡವನ್ನು ಒಂದೇ ಅಳತೆಯ ಎರಡು ಪಾಲಾಗಿ ಕಟ್ಟಿತು. ಒಂದು ಪಾಲಿಗೆ ಎಲ್ಲೆಡೆ ಇರುವಂಥ, ಆದರೆ ಚೆನ್ನಾಗಿ ವಿನ್ಯಾಸ ಮಾಡಿದ ಎಸಿ. ಇನ್ನೊಂದರಲ್ಲಿ ಕಾಂಕ್ರೀಟ್ ಸ್ಲ್ಯಾಬಿನೊಳಗೆ ಕೊಳವೆ ಹೂತು ಅದರಲ್ಲಿ ತಣ್ಣೀರು ಹರಿಸಿದರು. ತಣಿದ ಚಾವಣಿ ಕೆಳಗೆ ಕುಳಿತವರ ಮೈಶಾಖವನ್ನು ವಿಕಿರಣದ ದಾರಿಯಲ್ಲೇ ಎಳೆದುಕೊಳ್ಳುತ್ತದೆ. ಒಂದೇ ಗಾತ್ರದ ಗಾಳಿಗಿಂತ ನೀರು 3,000 ಪಟ್ಟಿಗೂ ಹೆಚ್ಚು ಶಾಖ ಹೊರಬಲ್ಲದು, ಹಾಗಾಗಿ ದೊಡ್ಡ ಫ್ಯಾನುಗಳಿಂದ ಗಾಳಿ ನೂಕುವ ಖರ್ಚು ಉಳಿಯಿತು. ಹೊಸ ಗಾಳಿಯನ್ನು ಬೇರೆಯೇ ಯಂತ್ರ ಒಣಗಿಸಿ, ಉಸಿರಾಟಕ್ಕೆ ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ಆ ಗಾಳಿ ಒಣಗಿರಲೇಬೇಕು. ಇಲ್ಲವಾದರೆ ಚಾವಣಿ ಇಬ್ಬನಿ ಬಿಂದುವಿಗಿಂತ ತಣ್ಣಗಾಗಿ ಮೇಜುಗಳ ಮೇಲೆ ಹನಿ ಉದುರುತ್ತದೆ. ನೀರಿನ ಲೆಕ್ಕವನ್ನೂ ತಾಪದ ಲೆಕ್ಕವನ್ನೂ ಬಿಡಿಸಿ ಬೇರೆ ಮಾಡಿದ ಈ ಪಾಲಿನ ತಂಪಿನ ವ್ಯವಸ್ಥೆ, ಪಕ್ಕದ ಪಾಲಿನದಕ್ಕಿಂತ ಸುಮಾರು ಶೇಕಡಾ 34ರಷ್ಟು ಕಡಿಮೆ ವಿದ್ಯುತ್ತಿನಲ್ಲಿ ನಡೆಯಿತು.

ಬೆಂಗಳೂರಿನ ವಿಚಾರದಲ್ಲಿ ಮಾತ್ರ ನನಗೆ ಸಂಕಟವಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ, ವರ್ಷದ ಬಹುಪಾಲು ಸಂಜೆಗಳಲ್ಲಿ ಕಿಟಕಿ ತೆರೆದರೆ ಸಾಕೆನ್ನುವ ಊರು ಅದು. ಅಲ್ಲಿ ತೆರೆಯಲು ಬಾರದ ಗಾಜಿನ ಗೋಡೆಗಳನ್ನು ಪಡುವಣಕ್ಕೆ ಮುಖ ಮಾಡಿ ಕಟ್ಟಿ, ಒಳಗೆ ನುಗ್ಗಿದ ಬಿಸಿಲನ್ನು ಎತ್ತಿ ಹಾಕಲು ಮಾಳಿಗೆಯ ಮೇಲೆ ಯಂತ್ರಗಳನ್ನು ಸಾಲಾಗಿ ಇಡುತ್ತಿದ್ದೇವೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ತಂಪು ಕ್ರಿಯಾಯೋಜನೆಯ ಅಂದಾಜಿನಂತೆ 2037-38ರ ಹೊತ್ತಿಗೆ ದೇಶದ ತಂಪಿನ ಬೇಡಿಕೆ ಎಂಟು ಪಟ್ಟು ಏರಲಿದೆ. ಆ ಏರಿಕೆಯಲ್ಲಿ ಬೆಂಗಳೂರು ಸೇರುವ ಅಗತ್ಯವೇ ಇರಲಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಈ ಬೇಸಿಗೆಯಲ್ಲಿ ಯಂತ್ರ ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಎರಡು ಥರ್ಮಾಮೀಟರ್ ತಂದು, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ, ಕೆಲವು ಮಧ್ಯಾಹ್ನ ನೋಡಿ. ಎರಡರ ಅಂತರ 12 ಡಿಗ್ರಿ ದಾಟಿದ್ದರೆ, ನೀರಿನ ಅನುಕೂಲವೂ ಇದ್ದರೆ, ಕೂಲರ್ ಸಾಕು. 5 ಡಿಗ್ರಿಯ ಸುಮಾರಿಗಿದ್ದರೆ ಕೂಲರಿಗೆ ಹಣ ಹಾಕಬೇಡಿ, ಫ್ಯಾನನ್ನು ನೆಚ್ಚಿ, ಅದಕ್ಕೂ ಬಗ್ಗದಿದ್ದರೆ ಕೋಣೆಗೆ ತಕ್ಕ ಎಸಿ ಹಾಕಿ. ಯಾವುದನ್ನೇ ಹಾಕಿದರೂ ಮೊದಲು ತಾರಸಿಗೆ ಸುಣ್ಣ ಬಳಿಯಿರಿ, ಪಡುವಣ ಕಿಟಕಿಗೆ ಹೊರಗಿನಿಂದ ನೆರಳು ಮಾಡಿ. ಎಸಿ ಕೋಣೆಯಲ್ಲಿ ಮಲಗುವವರು ಕಿಟಕಿಯನ್ನು ಒಂದು ಬೆರಳಿನಷ್ಟಾದರೂ ತೆರೆದಿಡಿ.